ಚುನಾವಣೆಯ ಬೇಸಿಗೆಯಲ್ಲಿ ಮಕ್ಕಳಿಗಾಗಿ ದೇಣಿಗೆ ಕೂಡಿಸುವವರಿಗೆ

ಸರ್ಕಾರಿ ಶಾಲೆಯ ಮಕ್ಕಳಿಗೆ ನೋಟ್‌ಬುಕ್, ಬ್ಯಾಗು, ಜಾಮೆಟ್ರಿ ಬಾಕ್ಸು ಕೊಡಿಸುವ ಬಳಗಗಳು ಏಪ್ರಿಲ್–ಮೇ ತಿಂಗಳಲ್ಲೇ ಹಣ ಕೂಡಿಸಬೇಕಾಗುತ್ತದೆ. ನಮ್ಮ ರಾಜ್ಯದ ದೊಡ್ಡ ಚುನಾವಣೆಗಳೂ ಇದೇ ಹೊತ್ತಿಗೆ ಬರುತ್ತವೆ. 2023ರಲ್ಲಿ ವಿಧಾನಸಭೆಗೆ ಮೇ 10ರಂದು ಮತದಾನವಾಯಿತು. 2024ರ ಲೋಕಸಭಾ ಚುನಾವಣೆಯಲ್ಲಂತೂ ಮಾರ್ಚ್ 16ರಂದು ಜಾರಿಗೆ ಬಂದ ಮಾದರಿ ನೀತಿ ಸಂಹಿತೆ ಜೂನ್ 4ರ ಮತ ಎಣಿಕೆಯವರೆಗೂ ಇದ್ದುದರಿಂದ, ಶಾಲೆಯ ಬಾಗಿಲು ತೆರೆದ ದಿನವೂ ಅದು ಜಾರಿಯಲ್ಲಿತ್ತು.

ಸಂಹಿತೆ ಬಂದ ಮಾತ್ರಕ್ಕೆ ದಾನಧರ್ಮ ನಿಲ್ಲಬೇಕಿಲ್ಲ. ಮತದಾರರಿಗೆ ಒಡ್ಡುವ ಆಮಿಷವನ್ನು ತಡೆಯುವುದು ಅಧಿಕಾರಿಗಳ ಕೆಲಸ. ನಮ್ಮ ದೇಣಿಗೆ ಅಂಥದ್ದಲ್ಲವೆಂದು ಕಾಗದಪತ್ರದಿಂದಲೇ ತೋರುವಂತೆ ಮಾಡುವುದು ನಮ್ಮ ಕೆಲಸ. ಆದ್ದರಿಂದ ಈ ಕಾಲದಲ್ಲಿ ಹುಂಡಿ ಡಬ್ಬಿ ಹಿಡಿದು ಮನೆ ಮನೆಗೆ ಹೋಗುವುದನ್ನು ಬಿಟ್ಟು, ಸಂಸ್ಥೆಯ ಹೆಸರಿನಲ್ಲಿರುವ ಬ್ಯಾಂಕ್ ಖಾತೆಗೆ ಯುಪಿಐ ಅಥವಾ ಚೆಕ್ ಮೂಲಕವೇ ಹಣ ಪಡೆದು, ಅದೇ ದಿನ ರಸೀದಿ ಕೊಡಿ. ಎರಡು ಸಾವಿರ ರೂಪಾಯಿಗೆ ಮೇಲ್ಪಟ್ಟ ನಗದು ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಹೇಗೂ ಸಿಗುವುದಿಲ್ಲವಾದ್ದರಿಂದ ದಾನಿಗಳಿಗೂ ಇದೇ ಅನುಕೂಲ. ವಿದೇಶದಲ್ಲಿರುವ ಬಂಧುಗಳು ಕಳುಹಿಸುತ್ತೇನೆಂದರೆ ಅವರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಮೊದಲು ಕೇಳಿ. ವಿದೇಶಿ ಪೌರರ ಹಣ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಬೇಕು.

ನಗದು ಸಾಗಿಸಲೇಬೇಕಾದರೆ ಐವತ್ತು ಸಾವಿರ ರೂಪಾಯಿಯ ಮಿತಿ ನೆನಪಿರಲಿ. ಅದಕ್ಕಿಂತ ಹೆಚ್ಚಿನ ಹಣಕ್ಕೆ ಚೆಕ್‌ಪೋಸ್ಟಿನಲ್ಲಿ ದಾಖಲೆ ತೋರಿಸದಿದ್ದರೆ ತಪಾಸಣಾ ತಂಡ ವಶಪಡಿಸಿಕೊಳ್ಳಬಹುದು. ಹಾಗಾದಲ್ಲಿ ವಾಗ್ವಾದಕ್ಕಿಳಿಯದೆ ಜಪ್ತಿಯ ಪತ್ರ ಪಡೆದು, ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿಗೆ ದಾಖಲೆಗಳೊಂದಿಗೆ ಮನವಿ ಕೊಡಿ. ಸಾಮಾನಿನ ವಾಹನದಲ್ಲಿ ಅಂಗಡಿಯ ಜಿಎಸ್‌ಟಿ ಬಿಲ್ಲು, ಸಂಸ್ಥೆಯ ನೋಂದಣಿ ಪ್ರತಿ, ಇಷ್ಟು ಪುಸ್ತಕ ಬೇಕೆಂದು ಮುಖ್ಯ ಶಿಕ್ಷಕರು ಬರೆದ ಪತ್ರ, ಈ ಮೂರೂ ಒಂದೇ ಫೈಲಿನಲ್ಲಿರಲಿ. ನಮ್ಮ ಗಾಡಿಯನ್ನು ಒಮ್ಮೆ ತಡೆದಾಗ ಅಧಿಕಾರಿ ಒಂದು ಕಟ್ಟನ್ನು ಬಿಚ್ಚಿಸಿ, ಹೊದಿಕೆಯ ಹಿಂದು ಮುಂದು ತಿರುಗಿಸಿ ನೋಡಿ, ಶಾಲೆಯ ಪತ್ರ ಓದಿ, ಹತ್ತೇ ನಿಮಿಷದಲ್ಲಿ ಬಿಟ್ಟುಕೊಟ್ಟರು.

ಆ ಹೊದಿಕೆಯ ವಿಷಯವೇ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಅನಿಸಿಕೆ. ದಾನಿಯೊಬ್ಬರು ಕಳುಹಿಸಿದ ನಾನೂರು ನೋಟ್‌ಬುಕ್ಕುಗಳ ಹಿಂಬದಿಯಲ್ಲಿ, ಕೈಮುಗಿದು ನಿಂತ ಮುಖಂಡರ ಚಿತ್ರದ ಸ್ಟಿಕರ್ ಇತ್ತು. ಉಗುರಿನಿಂದ ಕೆರೆದರೆ ರಟ್ಟಿನ ಮೇಲ್ಪದರವೂ ಕಿತ್ತುಬಂತು. ಮಕ್ಕಳಿಗೆ ಪುಸ್ತಕದ ಅಗತ್ಯ ಎಷ್ಟಿತ್ತೆಂದು ಗೊತ್ತಿದ್ದೂ ಅಷ್ಟನ್ನೂ ಹಿಂದಿರುಗಿಸಿದೆವು. ಆ ನಿರ್ಧಾರ ಸುಲಭವಾಗಿರಲಿಲ್ಲ. ಆದ್ದರಿಂದ ಹಣ ಕೇಳುವ ಪತ್ರದಲ್ಲೇ ಹೀಗೆ ಬರೆದುಬಿಡಿ: ಅಭ್ಯರ್ಥಿಗಳಿಂದಾಗಲಿ ಪಕ್ಷಗಳಿಂದಾಗಲಿ ದೇಣಿಗೆ ಸ್ವೀಕರಿಸುವುದಿಲ್ಲ, ವಸ್ತುಗಳ ಮೇಲೆ ಯಾರ ಹೆಸರೂ ಚಿತ್ರವೂ ಇರುವುದಿಲ್ಲ, ವಿತರಣೆಗೆ ವೇದಿಕೆ ಇರುವುದಿಲ್ಲ. ಕೆಲವರು ಹಿಂದೆ ಸರಿಯುತ್ತಾರೆ, ಸರಿಯಲಿ.

ಮಕ್ಕಳ ಫೋಟೊ ಬಳಸಿ ಹಣ ಕೇಳುವ ರೂಢಿಯನ್ನೂ ಕೈಬಿಡಿ. ಪಾಲನಾ ಸಂಸ್ಥೆಗಳಲ್ಲಿರುವ ಮಕ್ಕಳ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ. ಪ್ರಚಾರದಲ್ಲಿ ಮಕ್ಕಳನ್ನು ಬಳಸಬಾರದೆಂದು ಚುನಾವಣಾ ಆಯೋಗವೂ 2024ರ ಫೆಬ್ರವರಿಯಲ್ಲಿ ಪಕ್ಷಗಳಿಗೆ ಸೂಚಿಸಿದೆ. ನೀವು ಒಳ್ಳೆಯ ಮನಸ್ಸಿನಿಂದ ತೆಗೆದ ಚಿತ್ರ ಇನ್ನೊಬ್ಬರ ಕರಪತ್ರ ಸೇರಲು ಒಂದು ದಿನವೂ ಬೇಡ. ಮಗುವಿನ ಮುಖದ ಬದಲು ಸವೆದ ಬ್ಯಾಗಿನ ಹೊಲಿಗೆಯನ್ನೋ, ಬೇಕಾದ ವಸ್ತುಗಳ ಪಟ್ಟಿಯನ್ನೋ ಹಾಕಿದರೆ ಸಾಕು.

ವಿತರಣೆಯನ್ನು ಆದಷ್ಟು ಮತ ಎಣಿಕೆಯ ನಂತರಕ್ಕೆ ಇಟ್ಟುಕೊಳ್ಳಿ. ಅಷ್ಟು ಕಾಯಲಾಗದಿದ್ದರೆ ಚುನಾವಣಾಧಿಕಾರಿಯ ಕಚೇರಿಗೆ ಮೊದಲೇ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಪುಸ್ತಕಗಳನ್ನು ಶಾಲೆಗೆ ಒಪ್ಪಿಸಿಬಿಡಿ. ತರಗತಿಯ ಶಿಕ್ಷಕರು ಹಾಜರಿ ಕರೆಯುತ್ತಾ ಒಬ್ಬೊಬ್ಬರಿಗೆ ಕೊಡುತ್ತಾರೆ.