ಗೆರೆಯ ಮೇಲೆ ಬಾರ್ ಇಟ್ಟರೂ ಸುರ್ ಇಳಿಯುತ್ತದೆಯೇ? ಅಗ್ಗದ ಹವಾಯಿಯನ್ ಗಿಟಾರ್ ಸರಿಪಡಿಸಿದ ಬಗೆ

ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಬಾರ್ ಜಾರಿಸಿ ನುಡಿಸುವ ಗಿಟಾರಿಗೆ ನಮ್ಮಲ್ಲಿ ಹವಾಯಿಯನ್ ಗಿಟಾರ್ ಅಂತಲೇ ಹೆಸರು. ಕಡಿಮೆ ಬೆಲೆಯವು ಬಹುಪಾಲು ಮಾಮೂಲಿ ಗಿಟಾರೇ. ಬಿರಡೆಗಳ ಕಡೆ ತಂತಿ ಕೂರುವ ಪಟ್ಟಿಯನ್ನು, ಅಂದರೆ ನಟ್ಟನ್ನು, ಎತ್ತರಿಸಿ, ತಂತಿ ಮೇಲೆತ್ತಿ ಕೊಟ್ಟಿರುತ್ತಾರೆ. ತೊಂದರೆ ಅಲ್ಲೇ ಇದೆ. ಮಾಮೂಲಿ ಗಿಟಾರಿನಲ್ಲಿ ಬೆರಳು ಒತ್ತಿದಾಗ ತಂತಿ ಬಿಗಿದು ಸ್ವರ ಏರುತ್ತದೆ. ಆ ಏರಿಕೆಯನ್ನು ಸರಿದೂಗಿಸಲು ಕುದುರೆಯ (ಬ್ರಿಜ್) ಮೇಲಿನ ಬಿಳಿ ಪಟ್ಟಿಯನ್ನು, ಅಂದರೆ ಸ್ಯಾಡಲ್ಲನ್ನು, ತುಸು ಹಿಂದಕ್ಕೆ ಓರೆಯಾಗಿ ಕೂಡಿಸಿರುತ್ತಾರೆ. ಬಾರ್ ತಂತಿಯನ್ನು ಕೆಳಗಿನ ಲೋಹದ ಅಡ್ಡಗೆರೆ, ಅಂದರೆ ಫ್ರೆಟ್‌ವರೆಗೆ ಒತ್ತುವುದಿಲ್ಲ, ಮೇಲೆ ಕೂತಿರುತ್ತದೆ ಅಷ್ಟೇ. ಹಾಗಾಗಿ ಅಲ್ಲಿ ಪರಿಹಾರವಾಗಿದ್ದ ಓರೆ ಇಲ್ಲಿ ದೋಷವಾಗುತ್ತದೆ. ಒಂದೇ ತಂತಿ ನುಡಿಸುವಾಗ ಕಿವಿ ಹಿಡಿದು ಬಾರ್ ಸರಿಸಿಕೊಳ್ಳಬಹುದು. ಆರೂ ತಂತಿ ಒಟ್ಟಿಗೆ ಮೀಟಿದಾಗ ಎಂಥ ಕೈಯೂ ಇದನ್ನು ಮುಚ್ಚಲಾರದು.

ಮೊದಲು ಅಳತೆ. ಈ ಗಿಟಾರಿನಲ್ಲಿ ನಾನು ಡಿ ಓಪನ್ ಶ್ರುತಿ ಇಟ್ಟಿದ್ದೆ: ದಪ್ಪ ತಂತಿಯಿಂದ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ, ನಮ್ಮ ಲೆಕ್ಕದಲ್ಲಿ ಸಾ ಪ ಸಾ ಗ ಪ ಸಾ. ಬಾರನ್ನು ಫ್ರೆಟ್ಟಿನ ನೇರ ನೆತ್ತಿಗೆ ಇಟ್ಟು, ಬಾರಿನ ಹಿಂದೆ ಉಳಿದ ಬೆರಳುಗಳಿಂದ ತಂತಿ ಸುಮ್ಮನಾಗಿಸಿ (ಇಲ್ಲದಿದ್ದರೆ ಹಿಂದಿನ ತುಂಡೂ ಮಿಡಿದು ಟ್ಯೂನರ್ ತಬ್ಬಿಬ್ಬಾಗುತ್ತದೆ) 5, 12, 17ನೇ ಫ್ರೆಟ್‌ಗಳಲ್ಲಿ ಓದಿದೆ. ಅರ್ಧ ಸ್ವರಕ್ಕೆ 100 ಸೆಂಟ್. ತೆಳು ತಂತಿಯಲ್ಲಿ ಬಂದದ್ದು 4 ಸೆಂಟ್ ಏರು, ಸೊನ್ನೆ, 4 ಸೆಂಟ್ ಇಳಿ. ದಪ್ಪ ತಂತಿಯಲ್ಲಿ 1 ಏರು, 8 ಇಳಿ, 17 ಇಳಿ.

ತೆಳು ತಂತಿ 12ರಲ್ಲಿ ಸೊನ್ನೆ ತೋರಿಸಿದ್ದನ್ನು ನೋಡಿ. ಅಲ್ಲಿ ಮಾತ್ರ ಪರೀಕ್ಷೆ ಮಾಡಿದ್ದರೆ ಆ ತಂತಿ ಚಲೋ ಇದೆ ಅಂದುಕೊಳ್ಳುತ್ತಿದ್ದೆ. ನಿಜಕ್ಕೂ ಎರಡು ತಪ್ಪುಗಳು ಅಲ್ಲಿ ಒಂದನ್ನೊಂದು ಮುಚ್ಚಿದ್ದವು. ನಟ್ ಕಡೆಯ ತಪ್ಪು ಎಲ್ಲ ಫ್ರೆಟ್‌ಗಳಲ್ಲೂ ಅಷ್ಟಕ್ಕಷ್ಟೇ ಇರುತ್ತದೆ. ಕುದುರೆ ಕಡೆಯ ತಪ್ಪು ಮೇಲೆ ಹೋದಂತೆ ಬೆಳೆಯುತ್ತದೆ, ಯಾಕೆಂದರೆ ಉಳಿದ ತಂತಿ ಗಿಡ್ಡವಾದಷ್ಟೂ ಅದೇ ಹೆಚ್ಚುವರಿ ಉದ್ದ ದೊಡ್ಡ ಪಾಲಾಗುತ್ತದೆ. ಈ ಒಂದು ಭೇದ ತಿಳಿದರೆ ಯಾವ ತುದಿಗೆ ಕೈ ಹಾಕಬೇಕು ಅನ್ನುವುದು ಗೊತ್ತಾಗುತ್ತದೆ.

ನಟ್ ಎಲ್ಲಿರಬೇಕು ಎಂದು ನಟ್ಟನ್ನೇ ಕೇಳಬಾರದು. 1ನೇ ಫ್ರೆಟ್‌ನಿಂದ 12ನೇ ಫ್ರೆಟ್‌ಗೆ ಉಕ್ಕಿನ ಸ್ಕೇಲ್ ಇಟ್ಟು ಅಳೆದು 0.4439ರಿಂದ ಭಾಗಿಸಿದರೆ ಫ್ರೆಟ್‌ಗಳನ್ನು ಲೆಕ್ಕ ಹಾಕಿದ ಅಸಲಿ ತಂತಿ ಉದ್ದ ಸಿಗುತ್ತದೆ. ನನಗೆ 288.5 ಮಿ.ಮೀ. ಬಂತು, ಅಂದರೆ 650. ಆ ಉದ್ದಕ್ಕೆ ತಂತಿ ನಟ್ಟನ್ನು ಬಿಡುವ ಜಾಗ 1ನೇ ಫ್ರೆಟ್‌ನಿಂದ 36.5 ಮಿ.ಮೀ. ದೂರ ಇರಬೇಕು. ಇದ್ದದ್ದು 38.5. ನಟ್ ಕೂತ ಜಾಗ ಸರಿಯೇ ಇತ್ತು. ಅದರ ಗಾಡಿಗಳನ್ನು, ಅಂದರೆ ತಂತಿ ಕೂರುವ ಕಚ್ಚುಗಳನ್ನು, ತಿರುಗುಮುರುಗು ಇಳಿಜಾರಾಗಿ ಕೊರೆದಿದ್ದರು. ಮುಂದಿನ ಅಂಚು ತಗ್ಗು, ಹಿಂದಿನ ಅಂಚು ಎತ್ತರ. ತಂತಿ ಹಿಂದಿನ ಅಂಚಿನಲ್ಲಿ ಕೂತಿತ್ತು. ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಸೂಜಿ ಫೈಲ್ ತಂದು, ಹಿಂಬದಿಯನ್ನು ಬಿರಡೆಗಳ ಕಡೆ ಇಳಿಜಾರು ಮಾಡಿದೆ. ತಂತಿ ಮುಂದಿನ ಅಂಚನ್ನಷ್ಟೇ ಮುಟ್ಟುವಂತಾಯಿತು, ಗುಂಯ್ ಅನ್ನುತ್ತಿದ್ದುದೂ ನಿಂತಿತು.

ಇದಾದ ಮೇಲೆ ಮತ್ತೆ ಅಳೆದಾಗ ಎಲ್ಲ ಕೆಟ್ಟಂತೆ ಕಾಣುತ್ತದೆ: ತೆಳು ತಂತಿ 2, 5, 9 ಸೆಂಟ್ ಇಳಿ, ದಪ್ಪದ್ದು 4, 13, 22 ಇಳಿ. ಹೆದರಿ ನಟ್ಟನ್ನು ಮತ್ತೆ ಮುಟ್ಟಬೇಡಿ. ಕುದುರೆಯ ತಪ್ಪು ಈಗ ಮರೆಯಿಲ್ಲದೆ ಹೊರಬಿದ್ದಿದೆ ಅಷ್ಟೇ. ನಟ್‌ನಿಂದ ಸ್ಯಾಡಲ್‌ಗೆ ತೆಳು ತಂತಿ 652, ದಪ್ಪ ತಂತಿ 655 ಮಿ.ಮೀ. ಇತ್ತು.

ಕುದುರೆ ಕಿತ್ತು ಮತ್ತೆ ಅಂಟಿಸುವ ಕೆಲಸಕ್ಕೆ ಹೋಗಲಿಲ್ಲ. ಅಗ್ಗದ ಗಿಟಾರಿನ ಪ್ಲೈವುಡ್ ಮುಖ ಕಿತ್ತುಬರುವುದೇ ಹೆಚ್ಚು. ಸ್ಯಾಡಲ್ 3 ಮಿ.ಮೀ. ದಪ್ಪ ಇರುತ್ತದಲ್ಲ, ಅದರ ತಲೆಯ ಮೇಲೆ ತಂತಿ ಕೂರುವ ಏಣನ್ನು ಸರಿಸಿದರೆ ಸಾಕು. ಹಿತ್ತಾಳೆಯ 3 ಮಿ.ಮೀ. ಪಟ್ಟಿಯಲ್ಲಿ ಹೊಸ ಸ್ಯಾಡಲ್ ಕತ್ತರಿಸಿ, ದಪ್ಪ ತಂತಿಯ ಕಡೆ ಏಣು ಮುಂದಿನ ಅಂಚಿಗೆ, ತೆಳು ತಂತಿಯ ಕಡೆ ಹಿಂದಿನ ಅಂಚಿಗೆ ಬರುವಂತೆ ಉಜ್ಜಿದೆ. ಏಣಿನ ಅಗಲ 1 ಮಿ.ಮೀ. ಮೀರಬಾರದು. ಈಗ ತೆಳುವಿಗೆ 653, ದಪ್ಪಕ್ಕೆ 654. ಸ್ಯಾಡಲ್ ತಳ ಮಟ್ಟಸ ಮಾಡಲು ಪಾಲಿಶ್ ಪೇಪರನ್ನು ಗಾಜಿನ ಮೇಲೆ ಅಂಟಿಸಿ. ಮನೆಯ ಶಹಾಬಾದಿ ಫರಸಿ ಕಣ್ಣಿಗೆ ಸಪಾಟ ಕಂಡರೂ ಸ್ಕೇಲ್ ಇಟ್ಟು ನೋಡಿದರೆ ತಗ್ಗುದಿಣ್ಣೆ ಇರುತ್ತದೆ. ಸ್ಯಾಡಲ್ ಕುಳಿಯೊಳಗೆ ಸಡಿಲ ಇದ್ದರೆ ತಂತಿಯ ಎಳೆತಕ್ಕೆ ಮುಂದೆ ವಾಲಿ, ಮಾಡಿದ ಅಳತೆಯೆಲ್ಲ ವ್ಯರ್ಥ.

ಉಳಿದದ್ದು ಆರೂ ತಂತಿಗೆ ಹೆಚ್ಚುಕಡಿಮೆ ಸಮನಾದ 3.5 ಮಿ.ಮೀ. ಹೆಚ್ಚುವರಿ ಉದ್ದ. ಇದಕ್ಕೆ ಕುದುರೆ ಸರಿಸುವುದೇ ಬೇಡ, ಗೆರೆಗಳನ್ನೇ ಸರಿಸಬಹುದು. ಈ ವಾದ್ಯದಲ್ಲಿ ಫ್ರೆಟ್ ಬರೀ ಗುರುತು, ತಂತಿ ಅದನ್ನು ಮುಟ್ಟುವುದೇ ಇಲ್ಲ. 653.5 ಉದ್ದಕ್ಕೆ ಲೆಕ್ಕ ಹಾಕಿದೆ: ನಟ್‌ನಿಂದ 5ನೇ ಗೆರೆ 163.9, 7ನೆಯದು 217.3, 12ನೆಯದು 326.8, 17ನೆಯದು 408.7 ಮಿ.ಮೀ. ಉಳಿದವಕ್ಕೂ ಸೂತ್ರ ಅದೇ: ಒಂದೊಂದು ಗೆರೆ ದಾಟಿದಾಗಲೂ ಉಳಿದ ಉದ್ದವನ್ನು 17.817ರಿಂದ ಭಾಗಿಸಿ ಮುಂದೆ ಹೋಗಬೇಕು.

ಈ ಗೆರೆಗಳನ್ನು ಹಳೆಯ ಫ್ರೆಟ್ ನಡುವೆ ಬರೆದರೆ ಗೊಂದಲ. ನುಡಿಸುವವರ ಕಡೆಯ ಅಂಚಿಗೆ ಉದ್ದಕ್ಕೂ ಮರದ ಸಣ್ಣ ರೀಪು ಅಂಟಿಸಿ, ಅದರ ತಲೆಯ ಮೇಲೆ ಬಿಳಿ ಕಾರ್ಡಿನಲ್ಲಿ ಗೆರೆ ಹಾಕಿದೆ. ಇದರಿಂದ ಇನ್ನೊಂದು ಲಾಭವಿದೆ. ತಂತಿ ಫ್ರೆಟ್‌ಗಿಂತ 10 ಮಿ.ಮೀ. ಮೇಲಿದ್ದು, ನೋಟ 15 ಡಿಗ್ರಿ ಓರೆಯಾದರೂ ಬಾರ್ 2.7 ಮಿ.ಮೀ. ಸರಿದಂತೆ ಕಾಣುತ್ತದೆ, 12ನೇ ಗೆರೆಯಲ್ಲಿ ಅದು 14 ಸೆಂಟ್. ಗೆರೆಯನ್ನು ತಂತಿಯ ಕೆಳಗೆ 3 ಮಿ.ಮೀ. ಅಂತರಕ್ಕೆ ಎತ್ತಿದ ಮೇಲೆ ಆ ಮೋಸ 0.8 ಮಿ.ಮೀ.ಗೆ ಇಳಿಯಿತು. ಕೊನೆಯ ಅಳತೆಯಲ್ಲಿ ಯಾವ ತಂತಿಯೂ ಎಲ್ಲೂ 3 ಸೆಂಟ್ ದಾಟಲಿಲ್ಲ.

ತಂತಿಗಳ ನೆತ್ತಿ ಒಂದೇ ಸಮತಟ್ಟಿನಲ್ಲಿ ಇರಬೇಕು, ಬಾರ್ ನೆಟ್ಟಗಿನ ಕಡ್ಡಿ. 12ರಿಂದ 53ರ (ಇಂಚಿನ ಸಾವಿರದ ಪಾಲಿನಲ್ಲಿ ತಂತಿಯ ದಪ್ಪ) ಸೆಟ್‌ನಲ್ಲಿ ತೆಳುವು 0.30 ಮಿ.ಮೀ., ದಪ್ಪದ್ದು 1.35. ಗಾಡಿಗಳ ತಳ ಸಮ ಇದ್ದರೆ ದಪ್ಪ ತಂತಿ ಒಂದು ಮಿ.ಮೀ. ಎದ್ದು ನಿಂತು, ತೆಳು ತಂತಿಗೆ ಬಾರ್ ತಾಗದೆ ಗಿರಿಗಿರಿ ಅನ್ನುತ್ತದೆ. ಆಗ ಕೈ ತಾನಾಗಿ ಒತ್ತುತ್ತದೆ, ಒತ್ತಿದರೆ ಸ್ವರ ಏರುತ್ತದೆ. ನಟ್‌ನಲ್ಲೂ ಸ್ಯಾಡಲ್‌ನಲ್ಲೂ ದಪ್ಪ ತಂತಿಯ ಗಾಡಿ ಅಷ್ಟು ಆಳ ಮಾಡಿ, ಮೇಲೆ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. 10ರಿಂದ ಶುರುವಾಗುವ ತೆಳು ಸೆಟ್ ಈ ಶ್ರುತಿಗೆ ತೀರ ಸಡಿಲ. ಡಿ ಓಪನ್‌ನಲ್ಲಿ ಯಾವ ತಂತಿಯನ್ನೂ ಮಾಮೂಲಿಗಿಂತ ಮೇಲೆ ಎಳೆಯುವುದಿಲ್ಲವಾದ್ದರಿಂದ 12ರ ಸೆಟ್ ಸುರಕ್ಷಿತ. ಜಿ, ಬಿ, ಡಿ, ಜಿ, ಬಿ, ಡಿ ಶ್ರುತಿಯಲ್ಲಿ ದಪ್ಪ ತಂತಿಯನ್ನು ಮೂರು ಅರ್ಧ ಸ್ವರ ಏರಿಸಬೇಕಾಗುತ್ತದೆ. ಅಗ್ಗದ ಕುದುರೆ ಏಳುವುದು ಅಂಥದರಲ್ಲೇ.

ಜೊತೆಗೆ ಬಂದ ಹಗುರ ಬಾರನ್ನು ಬಿಟ್ಟುಬಿಡಿ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಂಥ ಕಡೆ ಲೇತ್ ಅಂಗಡಿಯಲ್ಲಿ 20 ಮಿ.ಮೀ. ಸ್ಟೇನ್‌ಲೆಸ್ ರಾಡ್ 80 ಮಿ.ಮೀ. ಕತ್ತರಿಸಿ, ಒಂದು ತುದಿ ಗುಂಡಗೆ ಮಾಡಿಸಿದರೆ ಸುಮಾರು 200 ಗ್ರಾಂ ತೂಗುತ್ತದೆ. 400, 800, 1200, 2000 ನಂಬರಿನ ಪೇಪರಿನಲ್ಲಿ ನೀರು ಹಾಕಿ ಉಜ್ಜಿ. ತನ್ನ ಭಾರದಿಂದಲೇ ಕೂರುವ ಬಾರನ್ನು ಒತ್ತುವ ಅಗತ್ಯ ಬೀಳುವುದಿಲ್ಲ.

ತಂಬೂರಿ ಹಚ್ಚಿ ನುಡಿಸುವವರಿಗೆ ಒಂದು ಮಾತು. ಶುದ್ಧ ಗಾಂಧಾರ 4ನೇ ಗೆರೆಯಲ್ಲಿ ಸಿಗುವುದಿಲ್ಲ, ಅದಕ್ಕಿಂತ ಸುಮಾರು 4 ಮಿ.ಮೀ. ಹಿಂದೆ ಸಿಗುತ್ತದೆ. ಟ್ಯೂನರ್ 14 ಸೆಂಟ್ ಇಳಿ ತೋರಿಸುತ್ತದೆ, ಕಿವಿಗೆ ಅದೇ ಸರಿ. ಇದು ಗಿಟಾರಿನ ತಪ್ಪಲ್ಲ. ಪೆಟ್ಟಿಗೆ (ಹಾರ್ಮೋನಿಯಂ) ಜೊತೆ ವಚನ, ತತ್ವಪದ ನುಡಿಸುವಾಗ ಮಾತ್ರ ಗೆರೆಯ ಮೇಲೇ ನಿಲ್ಲಬೇಕು, ಪೆಟ್ಟಿಗೆಯ ಗಾಂಧಾರ ಅಲ್ಲೇ ಇರುತ್ತದೆ.

ಅಳತೆಯನ್ನೆಲ್ಲ ಬೆಳಗಿನ ತಂಪು ಹೊತ್ತಿನಲ್ಲಿ, ಒಂದೇ ದಿನ ಮುಗಿಸಿ. ಮೇ ತಿಂಗಳ ನಮ್ಮ ಬಿಸಿಲಲ್ಲಿ ಮಧ್ಯಾಹ್ನ ಉಕ್ಕಿನ ತಂತಿ ಹಿಗ್ಗಿ ಇಳಿಯುತ್ತದೆ, ಒಣಹವೆಗೆ ಗಿಟಾರಿನ ಮುಖ ಕುಗ್ಗಿ ತಂತಿಯ ಎತ್ತರವೂ ಬದಲಾಗುತ್ತದೆ. ಮಳೆ ಹಿಡಿದ ಮೇಲೆ ಜುಲೈಯಲ್ಲಿ 5, 12, 17 ಮತ್ತೊಮ್ಮೆ ಓದಿ ನೋಡಿ.