ಡಾಕ್ಟರ್ ಹೂ: ಅರವತ್ತು ವರ್ಷದ ಧಾರಾವಾಹಿಯನ್ನು ನಾನು ನೋಡಿದ ಬಗೆ

ವಿಜ್ಞಾನ ಕಥೆಗಳಲ್ಲಿ ಆಸಕ್ತಿಯಿರುವ ಗೆಳೆಯರು ಬ್ರಿಟನ್ನಿನ ಬಿಬಿಸಿ ವಾಹಿನಿಯ ‘ಡಾಕ್ಟರ್ ಹೂ’ ಕುರಿತು ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. 1963ರಲ್ಲಿ ಶುರುವಾಗಿ, 1989ರಲ್ಲಿ ನಿಂತು, 2005ರಲ್ಲಿ ಮತ್ತೆ ಎದ್ದು, ಒಟ್ಟು ಎಂಟುನೂರಕ್ಕೂ ಹೆಚ್ಚು ಕಂತುಗಳಷ್ಟು ಬೆಳೆದಿರುವ ಧಾರಾವಾಹಿಯೊಂದನ್ನು ಈಗ ಹೊಸದಾಗಿ ನೋಡಲು ಹೊರಡುವುದರಲ್ಲಿ ಅರ್ಥವಿದೆಯೇ ಎಂಬುದು ಆ ಪ್ರಶ್ನೆ. ಇದೆ ಎಂದೇ ನಾನು ಹೇಳುತ್ತೇನೆ. ಆದರೆ ಮೊದಲ ಕಂತಿನಿಂದ ಕ್ರಮವಾಗಿ ನೋಡುತ್ತಾ ಬರುವ ಹಟವನ್ನು ಬಿಡಬೇಕು ಎಂದೂ ಸೇರಿಸುತ್ತೇನೆ. ನಾನು ಈ ಧಾರಾವಾಹಿಯನ್ನು ನಡುವಿನಿಂದ ಹಿಡಿದು, ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದವನು.

ಕಥೆಯ ಚೌಕಟ್ಟು ಸರಳವಾಗಿದೆ. ಗ್ಯಾಲಿಫ್ರೆ ಎಂಬ ಗ್ರಹದಿಂದ ಬಂದ, ತನ್ನನ್ನು ಡಾಕ್ಟರ್ ಎಂದಷ್ಟೇ ಕರೆದುಕೊಳ್ಳುವ ಅಲೆಮಾರಿಯೊಬ್ಬ ಟಾರ್ಡಿಸ್ ಎಂಬ ಯಂತ್ರದಲ್ಲಿ ಕಾಲದಲ್ಲೂ ಆಕಾಶದಲ್ಲೂ ಸಂಚರಿಸುತ್ತಾನೆ. ಯಂತ್ರವು ಹೊರಗಿನಿಂದ ಲಂಡನ್ನಿನ ಬೀದಿಗಳಲ್ಲಿ ಹಿಂದೆ ಇರುತ್ತಿದ್ದ ನೀಲಿ ಪೊಲೀಸ್ ಪೆಟ್ಟಿಗೆಯಂತೆ ಕಾಣುತ್ತದೆ, ಒಳಗೆ ಮಾತ್ರ ವಿಶಾಲವಾಗಿದೆ. ಜೊತೆಗೆ ಭೂಮಿಯ ಒಬ್ಬಿಬ್ಬರು ಸಾಮಾನ್ಯ ಮನುಷ್ಯರು ಇರುತ್ತಾರೆ. 1966ರಲ್ಲಿ ಡಾಕ್ಟರನ ಪಾತ್ರ ಮಾಡುತ್ತಿದ್ದ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಾಗ, ಧಾರಾವಾಹಿಯನ್ನು ಮುಗಿಸುವ ಬದಲು ಆ ಪಾತ್ರದ ದೇಹವೇ ಬದಲಾಗುತ್ತದೆ ಎಂಬ ಉಪಾಯವನ್ನು ತಂಡ ಕಂಡುಕೊಂಡಿತು. ಪ್ಯಾಟ್ರಿಕ್ ಟ್ರೌಟನ್ ಅವರು ಬೇರೆ ಮುಖ, ಬೇರೆ ನಡಿಗೆ, ಬೇರೆಯದೇ ಹಾಸ್ಯದೊಂದಿಗೆ ಅದೇ ಡಾಕ್ಟರ್ ಆದರು. ಯಕ್ಷಗಾನದಲ್ಲಿ ಒಂದೇ ಕೌರವನನ್ನು ಬೇರೆ ಬೇರೆ ಕಲಾವಿದರು ತಮ್ಮ ತಮ್ಮ ಅರ್ಥಗಾರಿಕೆಯಿಂದ ಬೇರೆಯದಾಗಿಸುವುದನ್ನು ಕಂಡವರಿಗೆ ಇದು ಅಪರಿಚಿತ ಎನಿಸಲಾರದು. ಇಡೀ ಮಹಾಭಾರತ ನೋಡಿರದಿದ್ದರೂ ಒಂದು ರಾತ್ರಿಯ ಪ್ರಸಂಗವನ್ನು ಪೂರ್ಣವಾಗಿ ಸವಿಯಬಹುದೆಂಬುದು ಇಲ್ಲಿಗೂ ಸಲ್ಲುತ್ತದೆ. ಹೊಸ ನಟರು ಬಂದಾಗಲೆಲ್ಲ ಧಾರಾವಾಹಿಯು ಹೊಸ ನೋಡುಗರಿಗಾಗಿ ತನ್ನನ್ನು ಮತ್ತೊಮ್ಮೆ ಪರಿಚಯಿಸಿಕೊಳ್ಳುತ್ತದೆ.

ನಾನು ಆರಂಭಿಸಿದ್ದು 2005ರ ‘ರೋಸ್’ ಕಂತಿನಿಂದ. ರಸೆಲ್ ಟಿ. ಡೇವಿಸ್ ಅವರು ಬರೆದ ಈ ಕಂತು ಲಂಡನ್ನಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹುಡುಗಿಯ ಹಿಂದೆಯೇ ನಡೆಯುತ್ತದೆ. ಅಂಗಡಿಯ ಗೊಂಬೆಗಳು ಜೀವ ತಳೆದು ಅವಳನ್ನು ಅಟ್ಟಿಸಿಕೊಂಡು ಬಂದಾಗ ಅವಳಿಗೆ ಎಷ್ಟು ತಿಳಿದಿದೆಯೋ ನಮಗೂ ಅಷ್ಟೇ ತಿಳಿದಿರುತ್ತದೆ. ಆ ಗೊಂಬೆಗಳು 1970ರಲ್ಲೇ ಬಂದು ಹೋದವು ಎಂಬುದನ್ನು ಕಂತು ಎಲ್ಲಿಯೂ ನೆನಪಿಸುವುದಿಲ್ಲ. ಹಾಗೆಂದು ಆ ಸೀಸನ್ನಿನ ಹದಿಮೂರು ಕಂತುಗಳೂ ಒಂದೇ ಮಟ್ಟದವಲ್ಲ. ಹೂಸು ಬಿಡುವ ಅನ್ಯಗ್ರಹ ಜೀವಿಗಳು ಬ್ರಿಟಿಷ್ ಮಂತ್ರಿಗಳ ಚರ್ಮ ಹೊದ್ದು ತಿರುಗುವ ಎರಡು ಕಂತುಗಳನ್ನು ಸಹಿಸಿಕೊಂಡು ನೋಡಿದೆನೆನ್ನಬೇಕು. ಅವುಗಳ ಬೆನ್ನಿಗೇ ಬರುವ ‘ಡಾಲೆಕ್’ ಎಂಬ ಆರನೆಯ ಕಂತಿನಲ್ಲಿ ನೆಲದಡಿಯ ಸಂಗ್ರಹಾಲಯವೊಂದರಲ್ಲಿ ಸರಪಳಿಯಲ್ಲಿರುವ ಒಂಟಿ ಶತ್ರುವಿನ, ಅಂದರೆ ಡಾಲೆಕ್ ಎಂಬ ಕ್ರೂರ ಕುಲದ ಜೀವಿಯ ಎದುರು ನಿಂತ, ಆ ಸೀಸನ್ನಿನ ಡಾಕ್ಟರ್ ಪಾತ್ರಧಾರಿ ಕ್ರಿಸ್ಟೋಫರ್ ಎಕಲ್‌ಸ್ಟನ್ ಅವರ ಮುಖದಲ್ಲಿ ದ್ವೇಷ ಉಕ್ಕಿಬರುವುದನ್ನು ಕಂಡಾಗ, ಮುಂದುವರಿಯಬೇಕೆಂದು ನಿರ್ಧರಿಸಿದೆ. ಈಗ ಕೇಳಿದವರಿಗೂ ಅದನ್ನೇ ಹೇಳುತ್ತೇನೆ: ಆರನೆಯ ಕಂತಿನವರೆಗೆ ನೋಡಿ; ಅದು ಹಿಡಿಸದಿದ್ದರೆ ಉಳಿದದ್ದೂ ಹಿಡಿಸುವ ಸಂಭವ ಕಡಿಮೆ.

ಹಲವು ಅಭಿಮಾನಿಗಳು ಹೊಸಬರಿಗೆ 2007ರ ‘ಬ್ಲಿಂಕ್’ ಕಂತನ್ನು ಮೊದಲು ತೋರಿಸುತ್ತಾರೆ. ಕಣ್ಣು ಮಿಟುಕಿಸಿದಾಗ ಮಾತ್ರ ಚಲಿಸುವ ಕಲ್ಲಿನ ದೇವದೂತರ ಆ ಕಥೆ ಅದ್ಭುತವಾದದ್ದೇ. ಆದರೆ ಅದರಲ್ಲಿ ಡಾಕ್ಟರ್ ಕೆಲವೇ ನಿಮಿಷ ಕಾಣಿಸಿಕೊಳ್ಳುತ್ತಾನೆ. ಅದನ್ನು ನೋಡಿ ಬಂದವರು ಮುಂದಿನ ಪ್ರತಿ ಕಂತಿನಲ್ಲೂ ಅದೇ ಬಿಗಿಯನ್ನು ಹುಡುಕಿ ನಿರಾಶರಾಗುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಧಾರಾವಾಹಿಯ ಶಕ್ತಿಗೆ ಹೆಚ್ಚು ಪ್ರಾಮಾಣಿಕ ಮಾದರಿ 2008ರ ‘ಮಿಡ್‌ನೈಟ್’. ಪ್ರವಾಸಿಗರ ವಾಹನವೊಂದರ ಒಳಗೇ ಬಹುಪಾಲು ನಡೆಯುವ, ರಾಕ್ಷಸ ಕಣ್ಣಿಗೆ ಬೀಳದೆ ಬರಿಯ ಮಾತಿನ ಪುನರುಚ್ಚಾರದಿಂದಲೇ ಭಯ ಹುಟ್ಟಿಸುವ ಆ ಕಂತು, ಡೇವಿಡ್ ಟೆನೆಂಟ್ ಅವರ ವಾಚಾಳಿ ಡಾಕ್ಟರನಿಂದ ಮಾತನ್ನೇ ಕಸಿದುಕೊಳ್ಳುತ್ತದೆ. ಅವನ ವಾಚಾಳಿತನವನ್ನು ಮೊದಲೇ ನೋಡಿ ಅಭ್ಯಾಸವಾಗಿದ್ದರೆ ಮಾತ್ರ ಅದರ ಪೆಟ್ಟು ತಟ್ಟುತ್ತದೆ.

ನೋಡುವಾಗ ಕೆಲವು ರೂಢಿಗಳನ್ನು ಮಾಡಿಕೊಂಡಿದ್ದೆ. ಬೇಸರ ತಂದ ಕಂತನ್ನು ನಡುವೆಯೇ ಬಿಡುತ್ತಿದ್ದೆ, ಆದರೆ ಒಬ್ಬ ಡಾಕ್ಟರ್ ಬರುವ ಮತ್ತು ಹೋಗುವ ಕಂತುಗಳನ್ನೂ ಸೀಸನ್ನಿನ ಕೊನೆಯ ಕಂತುಗಳನ್ನೂ ಬಿಡಲಿಲ್ಲ. ಎಕಲ್‌ಸ್ಟನ್ ಅವರ ಉತ್ತರ ಇಂಗ್ಲೆಂಡಿನ ಉಚ್ಚಾರಣೆ, ಮುಂದೆ ಡಾಕ್ಟರ್ ಆದ ಪೀಟರ್ ಕಪಾಲ್ಡಿ ಅವರ ಸ್ಕಾಟಿಷ್ ಉಚ್ಚಾರಣೆ ಎರಡಕ್ಕೂ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳುವುದಕ್ಕೆ ಸಂಕೋಚಪಡಲಿಲ್ಲ. ವೇಗದ ಸಂಭಾಷಣೆಯಲ್ಲಿ ಅರ್ಧ ಹಾಸ್ಯ ಅಲ್ಲಿಯೇ ಸಿಕ್ಕಿತು.

ಇಷ್ಟು ಉದ್ದದ ಧಾರಾವಾಹಿಯಿಂದ ಮಾತ್ರ ದೊರೆಯಬಹುದಾದದ್ದು ಏನೆಂದು ನನಗೆ ತಿಳಿದದ್ದು ‘ಸ್ಕೂಲ್ ರೀಯೂನಿಯನ್’ ಎಂಬ 2006ರ ಕಂತಿನಿಂದ. ಎಲಿಜಬೆತ್ ಸ್ಲೇಡನ್ ಅವರು ಅಭಿನಯಿಸಿದ ಸಾರಾ ಜೇನ್ ಸ್ಮಿತ್ ಎಂಬ ಪತ್ರಕರ್ತೆ 1973ರಿಂದ 1976ರವರೆಗೆ ಡಾಕ್ಟರನ ಜೊತೆಗಿದ್ದವಳು. ಅವಳ ಮನೆಯ ಬಳಿ ಬಿಡುತ್ತೇನೆಂದು ಡಾಕ್ಟರ್ ಅವಳನ್ನು ಇಳಿಸಿ ಹೊರಟುಹೋದ. ಮೂವತ್ತು ವರ್ಷಗಳ ನಂತರ ಅದೇ ನಟಿ, ನಿಜವಾಗಿಯೂ ಅಷ್ಟು ವಯಸ್ಸಾಗಿ, ಹೊಸ ಮುಖದ ಡಾಕ್ಟರನ ಎದುರು ನಿಂತು ತಾನು ಕಾದಿದ್ದೆನೆಂದೂ, ಅವನು ಇಳಿಸಿದ್ದು ತನ್ನ ಊರಾದ ಕ್ರೊಯ್ಡನ್‌ನಲ್ಲಲ್ಲ, ಅಬರ್ಡೀನ್‌ನಲ್ಲಿ ಎಂದೂ ಹೇಳುತ್ತಾಳೆ. ಮೊದಲ ಸಲ ನೋಡಿದಾಗ ಅವಳು ಯಾರೆಂದು ನನಗೆ ಗೊತ್ತಿರಲಿಲ್ಲ; ಕಥೆ ಅದನ್ನು ಅರ್ಥ ಮಾಡಿಸುವಷ್ಟು ಜಾಣತನದಿಂದ ಬರೆದದ್ದರಿಂದ ತೊಂದರೆಯಾಗಲಿಲ್ಲ. ಹಳೆಯ ಕಥೆಗಳನ್ನು ನೋಡಿದ ಮೇಲೆ ಮತ್ತೆ ಹಾಕಿದಾಗ, ಆ ಅಗಲಿಕೆಯನ್ನು ನಾನೂ ಕಂಡಿದ್ದೆನೆಂಬ ಕಾರಣಕ್ಕೆ ಅದು ಬೇರೆಯದೇ ಕಂತಾಗಿತ್ತು. ಮೇಕಪ್ಪಿನಿಂದ ಯಾರಿಗೂ ವಯಸ್ಸು ಹಚ್ಚಬೇಕಾಗಿರಲಿಲ್ಲ. 2013ರ ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ ಎಂಬತ್ತರ ಹೊಸ್ತಿಲಲ್ಲಿದ್ದ, ಎಪ್ಪತ್ತರ ದಶಕದಲ್ಲಿ ಡಾಕ್ಟರ್ ಆಗಿದ್ದ ಟಾಮ್ ಬೇಕರ್ ಅವರು ಕೆಲವು ನಿಮಿಷ ಕಾಣಿಸಿಕೊಳ್ಳುವುದರಲ್ಲಿಯೂ ಇದೇ ಬಲವಿದೆ. ಐದು ವರ್ಷಗಳಿಗೆಂದು ಯೋಜಿಸಿ ಮುಗಿಸಿದ ‘ಬ್ಯಾಬಿಲಾನ್ 5’ರಂಥ ಧಾರಾವಾಹಿ ಎಷ್ಟು ಅಚ್ಚುಕಟ್ಟಾಗಿದ್ದರೂ ಇದನ್ನು ಕೊಡಲಾರದು.

ಹಳೆಯ ಸರಣಿಗೆ ನೋಡುವ ವೇಗವನ್ನೇ ಬದಲಿಸಬೇಕಾಗುತ್ತದೆ. ಅಲ್ಲಿನ ಒಂದೊಂದು ಕಥೆ ಸುಮಾರು ಇಪ್ಪತ್ತೈದು ನಿಮಿಷಗಳ ನಾಲ್ಕು ಅಥವಾ ಆರು ಕಂತುಗಳಲ್ಲಿ, ವಾರಕ್ಕೊಂದರಂತೆ ಪ್ರಸಾರವಾಗಲೆಂದು ಕಟ್ಟಿದ್ದು. ಆರು ಕಂತುಗಳನ್ನು ಒಂದೇ ಕೂರಿಕೆಯಲ್ಲಿ ನೋಡಿದರೆ ನಾಲ್ಕು, ಐದನೆಯ ಕಂತುಗಳಲ್ಲಿ ಸೆರೆಸಿಕ್ಕಿ, ತಪ್ಪಿಸಿಕೊಂಡು, ಅದೇ ಓಣಿಗಳಲ್ಲಿ ಓಡಿ ಮತ್ತೆ ಸೆರೆಸಿಕ್ಕುವ ಪುನರಾವರ್ತನೆ ಅಸಹ್ಯವೆನಿಸುತ್ತದೆ. ರಾತ್ರಿ ಊಟದ ನಂತರ ಒಂದೊಂದೇ ಕಂತು ನೋಡುತ್ತಾ ಬಂದಾಗ ಆ ಓಟವೇ ನಾಳೆಗೆ ಕಾಯಿಸುತ್ತದೆ. ಟಾಮ್ ಬೇಕರ್ ಅವರ ಕಾಲದಿಂದ ಹೊರಟರೆ ಒಳ್ಳೆಯದು. ವಿಜ್ಞಾನ ಕಥೆಗಳ ಹಾಸ್ಯ ಲೇಖಕ ಡಗ್ಲಸ್ ಆಡಮ್ಸ್ ಅವರ ಕೈವಾಡವಿರುವ, ಪ್ಯಾರಿಸ್ಸಿನಲ್ಲಿ ಚಿತ್ರೀಕರಿಸಿದ 1979ರ ‘ಸಿಟಿ ಆಫ್ ಡೆತ್’ ನಾಲ್ಕೇ ಕಂತುಗಳದ್ದು, ಮೋನಾ ಲೀಸಾ ಕಳ್ಳತನದ ಸುತ್ತ ಹೆಣೆದದ್ದು, ನಗಿಸುತ್ತದೆ. 1975ರ ‘ಜೆನೆಸಿಸ್ ಆಫ್ ದಿ ಡಾಲೆಕ್ಸ್’ ಆರು ಕಂತುಗಳದ್ದು. ಎರಡು ತಂತಿಗಳನ್ನು ಜೋಡಿಸಿದರೆ ಒಂದು ಕ್ರೂರ ಕುಲವೇ ಹುಟ್ಟುವ ಮೊದಲೇ ಅಳಿಯುತ್ತದೆ ಎಂಬ ಸ್ಥಿತಿಯಲ್ಲಿ, ತನಗೆ ಆ ಹಕ್ಕಿದೆಯೇ ಎಂದು ಡಾಕ್ಟರ್ ತಡೆದು ನಿಲ್ಲುವ ಗಳಿಗೆಗಾಗಿ ಉಳಿದ ಉದ್ದವನ್ನು ಕ್ಷಮಿಸಬಹುದು. ಸೆಟ್ಟುಗಳ ಬಡತನವನ್ನು ಕ್ಷಮಿಸಲಾಗದವರು ಮಾತ್ರ ಹಳೆಯದರ ಗೋಜಿಗೆ ಹೋಗದಿರುವುದು ಲೇಸು.

1963ರ ಕಂತುಗಳಿಗೆ ನಾನು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಕೆನಡಿ ಅವರ ಹತ್ಯೆಯ ಮರುದಿನ, ನವೆಂಬರ್ 23ರಂದು ಪ್ರಸಾರವಾದ ಮೊದಲ ಕಂತನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಇಬ್ಬರೂ ಆಗ ಮೂವತ್ತರೊಳಗಿನವರು. ಶಿಷ್ಯೆಯ ವಿಚಿತ್ರ ಜ್ಞಾನದಿಂದ ಕಂಗಾಲಾದ ಇಬ್ಬರು ಶಾಲಾ ಶಿಕ್ಷಕರು ಅವಳ ಹಿಂದೆ ಗುಜರಿ ಅಂಗಳಕ್ಕೆ ಹೋಗುವ ಆ ಮೊದಲ ಇಪ್ಪತ್ತೈದು ನಿಮಿಷಗಳು ಇಂದಿಗೂ ಬಿಗಿಯಾಗಿವೆ. ನಂತರದ ಮೂರು ಆದಿಮಾನವರ ಕಂತುಗಳು ಹಾಗಿಲ್ಲ. ಕ್ರಮವಾಗಿ ನೋಡಬಾರದೆಂದು ನಾನು ಒತ್ತಿಹೇಳಲು ಇನ್ನೊಂದು ಕಾರಣವೂ ಇದೆ. ಬಿಬಿಸಿ ಆಗ ದುಬಾರಿಯಾಗಿದ್ದ ವಿಡಿಯೊ ಟೇಪುಗಳನ್ನು ಅಳಿಸಿ ಮರುಬಳಸುತ್ತಿತ್ತಾದ್ದರಿಂದ ಅರವತ್ತರ ದಶಕದ ಸುಮಾರು ನೂರು ಕಂತುಗಳು ಇಲ್ಲವಾಗಿವೆ. ಹುಸೇನ್ ಅವರೇ ಬಹುಪಾಲು ನಿರ್ದೇಶಿಸಿದ ಏಳು ಕಂತುಗಳ ‘ಮಾರ್ಕೊ ಪೋಲೊ’ ಪೂರ್ತಿಯಾಗಿ ಕಳೆದುಹೋಗಿದೆ. 2013ರಲ್ಲಿ ನೈಜೀರಿಯಾದ ಪ್ರಸಾರ ಕೇಂದ್ರವೊಂದರಲ್ಲಿದ್ದ ಒಂಬತ್ತು ಕಂತುಗಳು ದೊರೆತ ಸುದ್ದಿ ಬಂತು. ಉಳಿದವುಗಳ ಧ್ವನಿಯಾದರೂ ನಮಗೆ ದಕ್ಕಿರುವುದು ಅಂದಿನ ಅಭಿಮಾನಿಗಳು ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡದ್ದರಿಂದ. ಕೆಲವು ಕಥೆಗಳಿಗೆ ಆ ಧ್ವನಿಯ ಮೇಲೆ ಅನಿಮೇಷನ್ ಕೂರಿಸಿದ್ದಾರೆ. ನನಗೆ ಮಾತ್ರ ಚಿತ್ರವಿಲ್ಲದೆ ಧ್ವನಿಯನ್ನೇ ಕೇಳುವುದು ಹೆಚ್ಚು ಒಗ್ಗಿತು.

ಹೊಸ ಕಾಲದ ಇಳಿತದ ಬಗ್ಗೆ ದೂರುವವರು ಬಹಳ. ಜೋಡಿ ವಿಟ್ಟೇಕರ್ ಅವರು ಮೊದಲ ಮಹಿಳಾ ಡಾಕ್ಟರ್ ಆದ ಸೀಸನ್ನುಗಳಲ್ಲಿ ಬರವಣಿಗೆ ಸಡಿಲವಾಗಿರುವುದು ನಿಜ. ಆದರೂ ವಿನಯ್ ಪಟೇಲ್ ಅವರು ಬರೆದ 2018ರ ‘ಡೀಮನ್ಸ್ ಆಫ್ ದಿ ಪಂಜಾಬ್’ ಕಂತನ್ನು ಬಿಡಬಾರದು. 1947ರ ಆಗಸ್ಟ್‌ನಲ್ಲಿ ಗಡಿರೇಖೆ ಎಳೆಯುವ ಹೊತ್ತಿಗೆ ಹಿಂದೂ ಯುವಕ, ಮುಸ್ಲಿಂ ಯುವತಿಯ ಮದುವೆ ನಡೆಯುವ ಈ ಕಥೆಯಲ್ಲಿ ಅನ್ಯಗ್ರಹ ಜೀವಿಗಳು ಕೊಲೆಗಡುಕರಲ್ಲ, ಒಂಟಿಯಾಗಿ ಸಾಯುವವರಿಗೆ ಸಾಕ್ಷಿಯಾಗಲು ಬಂದವರು, ಕೊಲ್ಲುವವರು ಮನೆಯವರೇ.

ಕೊನೆಗೊಂದು ವ್ಯಾವಹಾರಿಕ ಎಚ್ಚರಿಕೆ. ‘ಸೀಸನ್ 1’ ಎಂಬ ಹೆಸರಿನವು ಈಗ ಮೂರಿವೆ: 1963ರದ್ದು, 2005ರದ್ದು, ಮತ್ತು ಡಿಸ್ನಿಯ ಸಹಭಾಗಿತ್ವದಲ್ಲಿ ಡಾಕ್ಟರ್ ಪಾತ್ರದ ಶುಟಿ ಗಾಟ್ವಾ ಅವರೊಂದಿಗೆ ಬಂದ 2024ರದ್ದು. ಹುಡುಕುವಾಗ ವರ್ಷ ನೋಡಿಕೊಳ್ಳಬೇಕು. ಡಿಸ್ನಿ 2025ರಲ್ಲಿ ಆ ಸಹಭಾಗಿತ್ವದಿಂದ ಹೊರಬಂದಿರುವುದರಿಂದ ಪ್ರಸಾರದ ಹಕ್ಕು ಮತ್ತೆ ಕೈ ಬದಲಾಗಬಹುದು. ಸಿಕ್ಕಾಗ 2005ರದ್ದನ್ನು ಮೊದಲು ನೋಡಿಬಿಡಿ.