ಎರಡನೇ ಸಲ ವಿಷ ಕೊಟ್ಟರೆ ಮ್ಯಾಕ್ರೋಫೇಜ್ ಯಾಕೆ ರೇಗುವುದಿಲ್ಲ: ಕಾರವಾರದ ಲ್ಯಾಬಿನಲ್ಲಿ ನನ್ನ ಅನುಭವ

ಬ್ಯಾಕ್ಟೀರಿಯಾ ಒಳಗೆ ಬಂದರೆ ಮೊದಲು ಹಿಡಿದು ನುಂಗುವ ಕೋಶಗಳಲ್ಲಿ ಮ್ಯಾಕ್ರೋಫೇಜ್‌ಗಳು ಮುಖ್ಯ. ಕಾರವಾರದ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಇವುಗಳ ಮೇಲೆಯೇ ಕೆಲಸ ಮಾಡುವುದು. ಇ. ಕೊಲೈನಂಥ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಲ್‌ಪಿಎಸ್ ಅನ್ನುವ ವಿಷ ಇರುತ್ತದೆ, ಅದನ್ನೇ ಎಂಡೋಟಾಕ್ಸಿನ್ ಅಂತಲೂ ಕರೆಯುತ್ತಾರೆ. ಅದನ್ನು ಮ್ಯಾಕ್ರೋಫೇಜ್‌ಗೆ ಒಮ್ಮೆ ಕೊಟ್ಟರೆ ಟಿಎನ್‌ಎಫ್, ಐಎಲ್-6 ಮುಂತಾದ ಉರಿಯೂತದ ರಾಸಾಯನಿಕಗಳನ್ನು ಧಾರಾಳವಾಗಿ ಸುರಿಸುತ್ತದೆ. ಮರುದಿನ ಅಷ್ಟೇ ಕೊಟ್ಟು ನೋಡಿ, ಟಿಎನ್‌ಎಫ್ ಬರುವುದೇ ಕಷ್ಟ. ಇದು ಹೊಸ ವಿಷಯವೇನಲ್ಲ. ಟೈಫಾಯ್ಡ್ ಲಸಿಕೆಯನ್ನು ಮತ್ತೆ ಮತ್ತೆ ಚುಚ್ಚಿದರೆ ಮೊಲಗಳಿಗೆ ಬರುವ ಜ್ವರ ಇಳಿಯುತ್ತಾ ಹೋಗುತ್ತದೆ ಅಂತ ಅಮೆರಿಕದ ವೈದ್ಯ ಪಾಲ್ ಬೀಸನ್ 1947ರಲ್ಲೇ ಬರೆದಿದ್ದರು.

ಇದನ್ನು ಮಾಡಿ ನೋಡಬೇಕು ಅನ್ನುವವರಿಗೆ ನನ್ನ ಮೊದಲ ಮಾತು ನೀರಿನ ಬಗ್ಗೆ. ಕೋಶದ ಬಗ್ಗೆ ಆಮೇಲೆ ಮಾತಾಡೋಣ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್ ಬಂತೆಂದರೆ ಗೋಡೆ, ಪುಸ್ತಕ, ಬಟ್ಟೆ ಎಲ್ಲವೂ ತೇವ, ಇನ್‌ಕ್ಯುಬೇಟರಿನೊಳಗೆ ಬೂಸು ಬರದ ಹಾಗೆ ಕಾಯುವುದೇ ಒಂದು ಕೆಲಸ. ಬೂಸಾದರೆ ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಡಿಸ್ಟಿಲ್ಡ್ ವಾಟರ್ ತುಂಬಿಟ್ಟ ಕ್ಯಾನಿನ ಒಳಗೋಡೆಗೆ ಕೂರುವ ತೆಳ್ಳನೆಯ ಲೋಳೆ. ಅದರಲ್ಲಿರುವ ಬ್ಯಾಕ್ಟೀರಿಯಾ ಸತ್ತರೂ ಎಲ್‌ಪಿಎಸ್ ನೀರಿನಲ್ಲೇ ಉಳಿಯುತ್ತದೆ. ಆಟೋಕ್ಲೇವ್ ಮಾಡಿದ್ದೇವಲ್ಲ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿದ್ದೇವಲ್ಲ ಅಂತ ನೆಮ್ಮದಿಯಾಗಿ ಕೂರುವ ಹಾಗಿಲ್ಲ, ಯಾಕೆಂದರೆ 121 ಡಿಗ್ರಿಗೆ ಬ್ಯಾಕ್ಟೀರಿಯಾ ಸಾಯುತ್ತದೆ ಹೊರತು ಎಲ್‌ಪಿಎಸ್ ಹಾಳಾಗುವುದಿಲ್ಲ. ಗಾಜಿನ ಸಾಮಾನನ್ನು ಒಣ ಶಾಖದಲ್ಲಿ 250 ಡಿಗ್ರಿಗೆ ಅರ್ಧ ಗಂಟೆ ಇಡಬೇಕು. ಪ್ಲಾಸ್ಟಿಕ್ ಆದರೆ ಎಂಡೋಟಾಕ್ಸಿನ್ ಇಲ್ಲದ್ದನ್ನೇ ಕೊಳ್ಳಬೇಕು. ನಾನು ನೀರು, ಮೀಡಿಯಂ (ಕೋಶ ಬೆಳೆಸುವ ದ್ರವ), ಅದಕ್ಕೆ ಸೇರಿಸುವ ಸೀರಮ್ ಎಲ್ಲವನ್ನೂ ಎಂಡೋಟಾಕ್ಸಿನ್ ಪತ್ತೆಹಚ್ಚುವ ಎಲ್‌ಎಎಲ್ ಟೆಸ್ಟ್ ಮಾಡಿಯೇ ಬಳಸುತ್ತೇನೆ. ಅಮೆರಿಕದ ಕರಾವಳಿಯ ಹಾರ್ಸ್‌ಶೂ ಏಡಿಯ ನೀಲಿ ರಕ್ತದಿಂದ ಮಾಡುವ ಟೆಸ್ಟ್ ಅದು. ಈಗ ಏಡಿಯ ರಕ್ತ ಬೇಡದ ರಿಕಾಂಬಿನಂಟ್ ಬಗೆಯೂ ಸಿಗುತ್ತದೆ, ಸಾಧ್ಯವಿದ್ದವರು ಅದನ್ನೇ ತಗೊಳ್ಳಿ.

ಇಷ್ಟೆಲ್ಲ ಯಾಕೆ ಅಂದರೆ, ಮೀಡಿಯಂನಲ್ಲಿ ಚೂರೇ ಚೂರು ಎಲ್‌ಪಿಎಸ್ ಇದ್ದರೂ ನೀವು ‘ಏನೂ ಕೊಟ್ಟಿಲ್ಲ’ ಅಂದುಕೊಂಡ ಕೋಶ ಅದನ್ನು ಆಗಲೇ ಕಂಡಿರುತ್ತದೆ. ಪ್ರಮಾಣದ ಮೇಲೆ ಕೆಲವೊಮ್ಮೆ ಅದು ಮೊದಲೇ ತಣ್ಣಗಾಗಿರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ ಕೆರಳಿರುತ್ತದೆ. ಆಮೇಲೆ ಹೋಲಿಸುವುದು ಯಾವುದಕ್ಕೆ?

ಕೋಶಗಳಿಗೆ ನಾನು ಬಳಸುವುದು ಟಿಎಚ್‌ಪಿ-1. 1980ರಲ್ಲಿ ಜಪಾನಿನಲ್ಲಿ ರಕ್ತ ಕ್ಯಾನ್ಸರ್ ಇದ್ದ ಒಂದು ವರ್ಷದ ಮಗುವಿನ ರಕ್ತದಿಂದ ಬೆಳೆಸಿದ ಕೋಶಗಳ ವಂಶ ಅದು. ಪಿಎಂಎ ಅನ್ನುವ ರಾಸಾಯನಿಕ ಕೊಟ್ಟು ಮ್ಯಾಕ್ರೋಫೇಜ್ ಆಗಿಸಿ, ಪಿಎಂಎ ತೊಳೆದು ಒಂದು ದಿನ ಸುಮ್ನೆ ಬಿಡುತ್ತೇನೆ. ಎಲ್‌ಪಿಎಸ್ ಅಲ್ಟ್ರಾಪ್ಯೂರ್ ಆಗಿರಬೇಕು. ಮಾಮೂಲಿ ಎಲ್‌ಪಿಎಸ್‌ನಲ್ಲಿ ಬ್ಯಾಕ್ಟೀರಿಯಾದ ಲಿಪೋಪ್ರೋಟೀನ್ ಬೆರೆತಿರುತ್ತದೆ, ಅದು ಟಿಎಲ್‌ಆರ್-2 ಅನ್ನುವ ಬೇರೆಯೇ ರಿಸೆಪ್ಟರನ್ನು, ಅಂದರೆ ಕೋಶ ಹೊರಗಿನ ಸುಳಿವು ಹಿಡಿಯುವ ಪ್ರೋಟೀನನ್ನು, ಮುಟ್ಟುತ್ತದೆ. ನಮಗೆ ಬೇಕಾದದ್ದು ಎಲ್‌ಪಿಎಸ್ ಗುರುತಿಸುವ ಟಿಎಲ್‌ಆರ್-4 ಒಂದೇ. ಎಲ್‌ಪಿಎಸ್ ಟ್ಯೂಬಿನ ಗೋಡೆಗೂ ಅಂಟುತ್ತದೆ, ತನಗೆ ತಾನೂ ಅಂಟುತ್ತದೆ, ಹಾಗಾಗಿ ಪ್ರತಿ ಸಲ ಚೆನ್ನಾಗಿ ವೋರ್ಟೆಕ್ಸ್ ಮಾಡಿ (ಯಂತ್ರದಲ್ಲಿ ಜೋರಾಗಿ ಅಲುಗಿಸಿ).

ಪ್ಲೇಟಿನಲ್ಲಿ ನಾಲ್ಕು ಗುಂಪು ಇರಲೇಬೇಕು. ಎರಡು ಸಲವೂ ಏನೂ ಕೊಡದ್ದು, ಎರಡನೇ ಸಲ ಮಾತ್ರ ಕೊಟ್ಟದ್ದು, ಮೊದಲ ಸಲ ಮಾತ್ರ ಕೊಟ್ಟದ್ದು, ಎರಡೂ ಸಲ ಕೊಟ್ಟದ್ದು. ಮೂರನೆಯದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಆದರೆ ಮೊದಲ ದಿನದ ಟಿಎನ್‌ಎಫ್ ತೊಳೆದ ಮೇಲೂ ಎಷ್ಟು ಉಳಿದಿದೆ ಅಂತ ಗೊತ್ತಾಗುವುದು ಅದರಿಂದಲೇ. ನಾನು ಮಿಲಿಲೀಟರಿಗೆ 100 ನ್ಯಾನೋಗ್ರಾಂ ಕೊಟ್ಟು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಉಗುರುಬೆಚ್ಚಗಿನ ಪಿಬಿಎಸ್ ಉಪ್ಪುನೀರಿನಲ್ಲಿ ತೊಳೆದು, ಸ್ವಲ್ಪ ಹೊತ್ತು ಹೊಸ ಮೀಡಿಯಂನಲ್ಲಿಟ್ಟು, ಮತ್ತೆ ಅಷ್ಟೇ ಕೊಟ್ಟು ನಾಲ್ಕು ಗಂಟೆ ಬಿಟ್ಟು, ಟಿಎನ್‌ಎಫ್ ಎಷ್ಟಿದೆ ಅಂತ ಬಣ್ಣದಿಂದ ಅಳೆಯುವ ಎಲಿಸಾ ಟೆಸ್ಟಿಗೆ ಮೀಡಿಯಂ ತೆಗೆಯುತ್ತೇನೆ. ಎರಡೂ ಸಲ ಕೊಟ್ಟ ಗುಂಪಿನಲ್ಲಿ ಹಳದಿ ಬಣ್ಣ ಎಷ್ಟು ತೆಳುವಾಗಿರುತ್ತದೆ ಅಂದರೆ ಪ್ಲೇಟನ್ನು ಬಿಳಿ ಕಾಗದದ ಮೇಲಿಟ್ಟರೆ ರೀಡರ್ ಇಲ್ಲದೆಯೂ ಹೇಳಬಹುದು.

ನಮ್ಮಲ್ಲಿ ಪ್ರಾಜೆಕ್ಟ್ ಮಾಡಲು ಬಂದ ಅಂಕೋಲೆಯ ಹುಡುಗಿ ಅದನ್ನು ನೋಡಿ, ‘ಮೇಡಂ, ಸೆಲ್ಸ್ ಸತ್ತೇ ಹೋದ್ವಾ? ಇಲ್ಲಾ ಸುಸ್ತಾಗಿಬಿಟ್ವಾ?’ ಅಂದಳು. ಒಳ್ಳೆಯ ಪ್ರಶ್ನೆ, ಯಾಕೆಂದರೆ ಈ ಕೆಲಸದಲ್ಲಿ ಎಲ್ಲರೂ ಜಾರುವುದು ಅಲ್ಲಿಯೇ. ರೈಲ್ವೆ ಹಳಿಯ ಪಕ್ಕ ಮನೆ ಇದ್ದವರಿಗೆ ಗಾಡಿಯ ಸದ್ದು ಕೇಳದ ಹಾಗೆ ಅಂತ ಪಾಠ ಮಾಡುವವರಿದ್ದಾರೆ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಕೋಶಕ್ಕೆ ಪೂರ್ತಿ ಕೇಳುತ್ತಿರುತ್ತದೆ. ಕೋಶ ಬದುಕಿದೆಯೇ ಅಂತ ನೋಡುವ ಎಂಟಿಟಿ ಟೆಸ್ಟ್ ಮಾಡಿದೆವು, ಕೋಶಗಳು ಬದುಕಿದ್ದವು. ಹೊಳೆಯುವ ಬಣ್ಣ ಹಚ್ಚಿದ ಇ. ಕೊಲೈ ಕಣಗಳನ್ನು ಹಾಕಿದೆವು, ನುಂಗಿದವು. ಐಎಲ್-10, ಅಂದರೆ ಉರಿಯೂತ ತಗ್ಗಿಸುವ ರಾಸಾಯನಿಕ, ಅದೂ ಬರುತ್ತಿತ್ತು. ಬೇರೆ ಕೆಲಸಗಳೆಲ್ಲ ನಡೆಯುತ್ತಿದ್ದವು, ಟಿಎನ್‌ಎಫ್ ಮತ್ತು ಐಎಲ್-6 ಮಾತ್ರ ಬಂದ್.

ಇದರ ಹಿಂದೆ ಎರಡು ಹಂತ ಇದೆ. ಒಂದು, ಟಿಎಲ್‌ಆರ್-4ರಿಂದ ಒಳಗೆ ಹೋಗುವ ಸಂದೇಶಕ್ಕೆ ಬೀಳುವ ತಡೆ. ಐರಾಕ್-1 ಅನ್ನುವ ಪ್ರೋಟೀನ್ ಕರಗಿಹೋಗುತ್ತದೆ, ಅದೇ ಜಾತಿಯ ಐರಾಕ್-ಎಂ ಬಂದು ದಾರಿಗೆ ಅಡ್ಡ ನಿಲ್ಲುತ್ತದೆ, ಎ20 ಅನ್ನುವ ಪ್ರೋಟೀನ್ ಮತ್ತು ಮಿರ್-146ಎ ಅನ್ನುವ ಪುಟ್ಟ ಆರ್‌ಎನ್‌ಎ ಕೂಡ ಸಂದೇಶವನ್ನು ತಗ್ಗಿಸುತ್ತವೆ. ಇನ್ನೊಂದು ಡಿಎನ್‌ಎ ಮಟ್ಟದ್ದು, ನನಗೆ ಇದೇ ಹೆಚ್ಚು ಇಷ್ಟ. ರೋಗನಿರೋಧಕ ವಿಜ್ಞಾನಿ ರುಸ್ಲಾನ್ ಮೆಜಿಟೋವ್ ಅವರ ತಂಡ 2007ರಲ್ಲಿ ಇಲಿಯ ಮ್ಯಾಕ್ರೋಫೇಜ್‌ಗಳಲ್ಲಿ ತೋರಿಸಿದ್ದು ಇದನ್ನೇ. ಒಂದೇ ರಿಸೆಪ್ಟರಿನಿಂದ ಶುರುವಾಗುವ ಜೀನ್‌ಗಳಲ್ಲಿ ಉರಿಯೂತದವು ಎರಡನೇ ಸಲ ತೆರೆಯುವುದಿಲ್ಲ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳ ಮೇಲೆ, ಆ ಜೀನ್‌ಗಳ ಬಳಿ ಇರಬೇಕಾದ ‘ತೆರೆ’ ಅನ್ನುವ ಗುರುತು ಅಳಿಸಿರುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ಜೀನ್‌ಗಳು ತೆರೆದೇ ಇರುತ್ತವೆ, ಕೆಲವು ಮೊದಲಿಗಿಂತ ಜೋರಾಗಿಯೇ. ದೇಹಕ್ಕೆ ಹಾನಿ ಮಾಡುವುದನ್ನು ಮುಚ್ಚು, ಕಾಯುವುದನ್ನು ಇಟ್ಟುಕೋ ಅನ್ನುವ ಲೆಕ್ಕ.

ಆಸ್ಪತ್ರೆಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಮೂತ್ರದ ಸೋಂಕು ರಕ್ತಕ್ಕೇರಿ ಸೆಪ್ಸಿಸ್ ಆದವರು ಮೊದಲ ಹೊಡೆತ ದಾಟಿದರೂ ಅವರ ಮೊನೋಸೈಟ್‌ಗಳು (ರಕ್ತದಲ್ಲಿರುವ, ಮ್ಯಾಕ್ರೋಫೇಜ್ ಆಗಬಲ್ಲ ಕೋಶಗಳು) ಎಲ್‌ಪಿಎಸ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಅವುಗಳ ಮೇಲಿನ, ರೋಗಾಣುವಿನ ಚೂರನ್ನು ಬೇರೆ ಕೋಶಗಳಿಗೆ ತೋರಿಸುವ ಎಚ್‌ಎಲ್‌ಎ-ಡಿಆರ್ ಪ್ರೋಟೀನ್ ಇಳಿದಿರುತ್ತದೆ. ಆಗ ಎರಡನೇ ಸೋಂಕು ಹಿಡಿಯುವ ಭಯ. ಟಿಎಲ್‌ಆರ್-4ನ್ನೇ ತಡೆಯುವ ಎರಿಟೋರಾನ್ ಔಷಧ ಸೆಪ್ಸಿಸ್ ರೋಗಿಗಳ ಸಾವು ತಗ್ಗಿಸಲಿಲ್ಲ ಅಂತ 2013ರಲ್ಲಿ ದೊಡ್ಡ ಪ್ರಯೋಗವೊಂದು ತೋರಿಸಿತು. ಹಾಗಾಗಿ ರೋಗಿ ಯಾವ ಘಟ್ಟದಲ್ಲಿದ್ದಾರೆ ಅಂತ ಅಳೆಯದೆ ಔಷಧ ಹುಡುಕುವುದರಲ್ಲಿ ನನಗೆ ನಂಬಿಕೆಯಿಲ್ಲ.

ಶಿರಸಿ ಕಡೆಯ ನಮ್ಮ ಮನೆಗೆ ಹೋದಾಗ ದೊಡ್ಡಪ್ಪ ಕೇಳಿದ್ದರು, ‘ಹಂಗಾರೆ ಕೊಟ್ಟಿಗೆ ಧೂಳು ಒಳ್ಳೇದಾತಲ ತಂಗಿ?’ ಅಂತ. ಪೂರ್ತಿ ತಳ್ಳಿಹಾಕುವ ಮಾತಲ್ಲ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಹಳ್ಳಿ ಮಕ್ಕಳಲ್ಲಿ ಹಾಸಿಗೆಯ ಧೂಳಿನಲ್ಲಿ ಎಂಡೋಟಾಕ್ಸಿನ್ ಜಾಸ್ತಿ ಇದ್ದವರಿಗೆ ಅಲರ್ಜಿಯ ಅಸ್ತಮಾ ಕಡಿಮೆ ಅಂತ 2002ರಲ್ಲೇ ಪ್ರಕಟವಾಗಿದೆ. 2015ರಲ್ಲಿ ಇಲಿಗಳ ಶ್ವಾಸಕೋಶದಲ್ಲಿ ಇದಕ್ಕೆ ಅದೇ ಎ20 ಬೇಕು ಅಂತಲೂ ತೋರಿಸಿದರು. ಆದರೆ ಅದು ಎಳೆಯ ವಯಸ್ಸಿನ, ಕಡಿಮೆ ಪ್ರಮಾಣದ ಮಾತು. ಈಗಾಗಲೇ ಉಬ್ಬಸ ಇದ್ದವರು ಒಣಹುಲ್ಲಿನ ಧೂಳಿನಿಂದ ದೂರವೇ ಇರಬೇಕು ಅಂತ ದೊಡ್ಡಪ್ಪನಿಗೂ ಹೇಳಿದೆ.

ನೀವು ಮಾಡುವುದಾದರೆ ಟಿಎನ್‌ಎಫ್ ಒಂದನ್ನೇ ಅಳೆದು ನಿಲ್ಲಿಸಬೇಡಿ. ಕೋಶದ ಜೀವ, ನುಂಗುವ ಶಕ್ತಿ, ಐಎಲ್-10 ಇವಿಷ್ಟಾದರೂ ಅದೇ ಪ್ಲೇಟಿನ ಜೊತೆ ಮಾಡಿ. ಐಎಲ್-10 ತಡವಾಗಿ ಬರುತ್ತದೆ, ಅದಕ್ಕೆ ನಾಲ್ಕು ಗಂಟೆ ಸಾಲುವುದಿಲ್ಲ, ರಾತ್ರಿಯಿಡೀ ಬಿಟ್ಟು ತೆಗೆಯಿರಿ.